ಮಳೆ, ಉಪ್ಪುಗಾಳಿ, ಘಟ್ಟ: ನಮ್ಮೂರ ಕಾರಿನ ಬ್ರೇಕ್ ಹೇಗೆ ಸವೆಯುತ್ತದೆ

ಎರಡು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಶೃಂಗೇರಿಗೆ ಹೋಗಿ ಉಡುಪಿಗೆ ವಾಪಸ್ ಬರುತ್ತಿದ್ದೆವು. ಆಗುಂಬೆ ಘಾಟಿ ಇಳಿದು ಸೋಮೇಶ್ವರ ಹತ್ತಿರವಾದಾಗ ಹಿಂದಿನ ಸೀಟಿನಲ್ಲಿದ್ದ ಅಮ್ಮ, "ಎಂಥದೋ ಸುಟ್ಟ ವಾಸನೆ ಬರ್ತಾ ಉಂಟಲ್ಲ?" ಎಂದರು. ನನಗೂ ಬಂದಿತ್ತು. ಕೊನೆಯ ನಾಲ್ಕೈದು ತಿರುವುಗಳಲ್ಲಿ ಬ್ರೇಕ್ ಪೆಡಲ್ ಯಾವತ್ತಿಗಿಂತ ಜಾಸ್ತಿ ಆಳಕ್ಕೆ ಹೋದದ್ದೂ ಗಮನಕ್ಕೆ ಬಂದಿತ್ತು. ಕಾರು ಬದಿಗೆ ಹಾಕಿ ಇಳಿದು ನೋಡಿದೆ. ಎಡಗಡೆಯ ಮುಂದಿನ ಚಕ್ರದ ಹತ್ತಿರ ಕೈ ಹಿಡಿಯಲಾಗದಷ್ಟು ಬಿಸಿ. ಬಲಗಡೆಯದು ಅದರ ಅರ್ಧದಷ್ಟೂ ಇರಲಿಲ್ಲ. ಮುಕ್ಕಾಲು ಗಂಟೆ ಕಾದು, ಹೆಬ್ರಿ ಮೇಲೆ ಮೆಲ್ಲ ಮನೆ ಸೇರಿದೆವು.

ಕಾರಿಗೆ ಸರ್ವಿಸ್ ಮಾಡಿಸಿ ಐದು ತಿಂಗಳು ಕೂಡ ಆಗಿರಲಿಲ್ಲ. ಬಿಲ್ಲಿನಲ್ಲಿ ಬ್ರೇಕ್ ನೋಡಿ ಆಗಿದೆ ಎಂದೇ ಬರೆದಿತ್ತು. ಮರುದಿನ ಪರಿಚಯದ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಅವರು ಚಕ್ರ ಬಿಚ್ಚಿ, ಕ್ಯಾಲಿಪರ್ ಎತ್ತಿ, ಎರಡೂ ಪ್ಯಾಡ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಹೊರಗಿನ ಪ್ಯಾಡ್ ಇನ್ನೂ ಅರ್ಧದಷ್ಟು ಉಳಿದಿತ್ತು. ಒಳಗಿನದು ಹೆಚ್ಚುಕಡಿಮೆ ಬರೀ ಕಬ್ಬಿಣ. "ಹೊರಗಿಂದ ಬಗ್ಗಿ ನೋಡಿದ್ರೆ ಪ್ಯಾಡ್ ಉಂಟು ಅಂತ್ಲೇ ಕಾಣ್ತದೆ ಮಾರಾಯ್ರೆ. ಪಿನ್ ಜಾಮ್ ಆಗಿದೆ. ನಮ್ಮ ಈ ಗಾಳಿಗೆ ಹೀಗೇ ಆಗೂದು," ಎಂದರು.

ಬ್ರೇಕ್ ಪ್ಯಾಡ್ ಎಷ್ಟು ದಿನ ಬರುತ್ತದೆ ಎಂದು ಕೇಳಿದರೆ ಎಲ್ಲರೂ ಕಿಲೋಮೀಟರಿನಲ್ಲಿ ಉತ್ತರ ಹೇಳುತ್ತಾರೆ. ಮಂಗಳೂರು, ಉಡುಪಿಯ ಕಾರುಗಳಿಗೆ ಅದು ಅರ್ಧ ಲೆಕ್ಕ ಮಾತ್ರ. ಇಲ್ಲಿ ಕಾರು ಓಡಿದರೂ ಬ್ರೇಕ್ ಸವೆಯುತ್ತದೆ, ಅಂಗಳದಲ್ಲಿ ಸುಮ್ನೆ ನಿಂತರೂ ಕೆಡುತ್ತದೆ. ಅದು ಯಾಕೆ, ಹೇಗೆ ಎಂದು ಆ ದಿನದಿಂದ ಕೇಳಿ, ಓದಿ, ಗ್ಯಾರೇಜಿನಲ್ಲಿ ನಿಂತು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಕಾಲಿನಿಂದ ಚಕ್ರದವರೆಗೆ

ಬ್ರೇಕ್ ಮಾಡುವುದು ಒಂದೇ ಕೆಲಸ. ಓಡುವ ಕಾರಿನ ವೇಗವನ್ನು ಉಜ್ಜಿ ಬಿಸಿಯಾಗಿ ಬದಲಿಸುತ್ತದೆ. ಸೈಕಲ್ಲಿನಲ್ಲಿ ಎರಡು ರಬ್ಬರ್ ತುಂಡುಗಳು ರಿಮ್ಮನ್ನು ಕಚ್ಚಿ ಹಿಡಿಯುವುದನ್ನು ನೋಡಿದ್ದೀರಿ ಅಲ್ವಾ? ಕಾರಿನ ಮುಂದಿನ ಚಕ್ರದಲ್ಲೂ ಅದೇ ಉಪಾಯ. ಚಕ್ರದ ಜೊತೆಗೇ ತಿರುಗುವ ಕಬ್ಬಿಣದ ತಟ್ಟೆಗೆ ಡಿಸ್ಕ್ ಎನ್ನುತ್ತಾರೆ. ಅದರ ಒಳಬದಿಗೆ ಒಂದು, ಹೊರಬದಿಗೆ ಒಂದು ಪ್ಯಾಡ್. ಎರಡನ್ನೂ ಇಕ್ಕಳದ ಹಾಗೆ ಹಿಡಿದಿರುವುದು ಕ್ಯಾಲಿಪರ್.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಮೇಲೆ ಒತ್ತಡ ಬೀಳುತ್ತದೆ. ಆ ಒತ್ತಡ ಪೈಪಿನ ಮೂಲಕ ಕ್ಯಾಲಿಪರಿಗೆ ಬಂದು ಅಲ್ಲಿನ ಪಿಸ್ಟನನ್ನು ತಳ್ಳುತ್ತದೆ. ನಮ್ಮಲ್ಲಿ ಓಡುವ ಸಾಮಾನ್ಯ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಮೊದಲು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಕೂಡಲೇ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಈ ಪಿನ್ ಜಾರದಿದ್ದರೆ ಕೆಲಸವೆಲ್ಲ ಒಳಗಿನ ಪ್ಯಾಡಿನ ತಲೆಗೆ ಬರುತ್ತದೆ. ಕಾಲು ತೆಗೆದ ಮೇಲೂ ಪ್ಯಾಡ್ ಪೂರ್ತಿ ಬಿಡದೆ ಡಿಸ್ಕನ್ನು ಉಜ್ಜುತ್ತಾ ಇರುತ್ತದೆ. ನಮ್ಮ ಕಾರಿನಲ್ಲಿ ಆದದ್ದು ಇದೇ.

ಹಿಂದಿನ ಚಕ್ರಗಳಲ್ಲಿ ಹೆಚ್ಚಿನ ಕಾರುಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಡಬ್ಬಿಯ ಒಳಗಿನಿಂದ ಎರಡು ಬ್ರೇಕ್ ಶೂಗಳು ಹೊರಕ್ಕೆ ಅಗಲಿ ಒತ್ತುತ್ತವೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೇ ದುಡಿಮೆ ಜಾಸ್ತಿ. ಅದಕ್ಕೇ ಮುಂದಿನ ಪ್ಯಾಡ್ ಬೇಗ ಮುಗಿಯುತ್ತದೆ, ಹಿಂದಿನ ಶೂ ತುಂಬಾ ಕಾಲ ಬರುತ್ತದೆ.

ವೇಗದ ಲೆಕ್ಕ ಒಂದು ನೆನಪಿಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ತಿನ್ನಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಮುಂದೆ ಏನೋ ಅಡ್ಡ ಬಂತು ಎಂದು ತಿಳಿದು ಕಾಲು ಪೆಡಲಿಗೆ ಬರುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಮೀಟರಿನ ಆಸುಪಾಸು ಬೇಕು. ಒದ್ದೆ ರಸ್ತೆಯಲ್ಲಿ ಅದಕ್ಕಿಂತ ತುಂಬಾ ಹೆಚ್ಚು. ಮಳೆಗಾಲದಲ್ಲಿ ಹೆದ್ದಾರಿ 66ರಲ್ಲಿ ಮುಂದಿನ ಬಸ್ಸಿನ ಬಾಲಕ್ಕೆ ಅಂಟಿಕೊಂಡು ಹೋಗುವವರನ್ನು ಕಂಡರೆ ನನಗೆ ಈಗ ನಿಜಕ್ಕೂ ಹೆದರಿಕೆ.

ಘಟ್ಟ ಇಳಿಯುವಾಗ ನಡೆಯುವುದು

ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಉಡುಪಿಗೆ ಬರುವ ಕಾರು ಆ ಎತ್ತರದ ಶಕ್ತಿಯನ್ನೆಲ್ಲ ಎಲ್ಲಾದರೂ ಕಳೆದುಕೊಳ್ಳಲೇಬೇಕು. ಅದೇ ಕಾರನ್ನು 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸುವುದಕ್ಕೆ ಹೋಲಿಸಿದರೆ, 40ಕ್ಕೂ ಹೆಚ್ಚು ಸಲ ನಿಲ್ಲಿಸಿದಷ್ಟು ಶಕ್ತಿ ಅದು. ಕಾರು ಚಿಕ್ಕದಿರಲಿ, ದೊಡ್ಡದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಅದರಲ್ಲಿ ಸ್ವಲ್ಪ ಗಾಳಿಗೆ, ಟಯರಿಗೆ ಹೋಗುತ್ತದೆ. ಉಳಿದದ್ದನ್ನು ಇಂಜಿನ್ ಹೊರಬೇಕು ಅಥವಾ ಬ್ರೇಕ್ ಹೊರಬೇಕು. ಅದರ ದೊಡ್ಡ ಪಾಲು 14 ಹೇರ್‌ಪಿನ್ ತಿರುವುಗಳಿರುವ ಆ ಕೆಲವೇ ಕಿಲೋಮೀಟರಿನಲ್ಲಿ ಖರ್ಚಾಗಬೇಕು. ಚಾರ್ಮಾಡಿ, ಶಿರಾಡಿಯಲ್ಲೂ ಕತೆ ಬೇರೆಯಲ್ಲ.

ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕಿಗೆ ಆರಲು ಸಮಯವೇ ಸಿಗುವುದಿಲ್ಲ. ಆಗ ಎರಡು ರೀತಿಯ ತೊಂದರೆ ಬರುತ್ತದೆ. ಮೊದಲನೆಯದು ಪ್ಯಾಡಿನದು. ಅತಿಯಾಗಿ ಕಾದ ಪ್ಯಾಡ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ಎರಡನೆಯದು ಆಯಿಲಿನದು. ಕ್ಯಾಲಿಪರಿನಲ್ಲಿರುವ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಹಿಂಡಲು ಆಗುವುದಿಲ್ಲ, ಗುಳ್ಳೆಯನ್ನು ಹಿಂಡಬಹುದು. ಹಾಗಾಗಿ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ. ಸೋಮೇಶ್ವರದ ಹತ್ತಿರ ನನ್ನ ಕಾಲಿಗೆ ತಿಳಿದದ್ದು ಈ ಎರಡನೆಯದರ ಶುರು.

ಇದನ್ನು ತಪ್ಪಿಸುವ ದಾರಿ ಹಳೆಯ ಡ್ರೈವರುಗಳಿಗೆಲ್ಲ ಗೊತ್ತು. ಘಟ್ಟ ಹತ್ತುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು. ಹೆಚ್ಚಾಗಿ ಎರಡನೆಯದು. ಆಗ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ತಿರುವಿಗೆ ಮುಂಚೆ ಬ್ರೇಕನ್ನು ಒಮ್ಮೆ ಸರಿಯಾಗಿ ಒತ್ತಿ ವೇಗ ಇಳಿಸಿ, ಮತ್ತೆ ಪೂರ್ತಿ ಬಿಡಬೇಕು. ಆ ಬಿಟ್ಟ ಹೊತ್ತಿನಲ್ಲೇ ಡಿಸ್ಕ್ ಆರುವುದು. ಆಟೊಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರಿನಲ್ಲಿ ನಿಲ್ಲಿಸುವ ವ್ಯವಸ್ಥೆ ಇರುತ್ತದೆ. ಡಿ ಯಲ್ಲೇ ಬಿಟ್ಟು ಇಳಿಯಬೇಡಿ.

ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರು, ಇಂಜಿನ್ನೇ ಬಂದ್ ಮಾಡುವವರು ಇನ್ನೂ ಇದ್ದಾರೆ. ದಯವಿಟ್ಟು ಮಾಡಬೇಡಿ. ನಿಮ್ಮ ಕಾಲಿನ ಬಲವನ್ನು ಹಲವು ಪಟ್ಟು ಮಾಡಿ ಕೊಡುವ ಬೂಸ್ಟರ್ ಎಂಬ ಡಬ್ಬಿ ಸಾಮಾನ್ಯವಾಗಿ ಇಂಜಿನ್ ಓಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಇಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಸಹಾಯ ಉಳಿದಿರುತ್ತದೆ, ಅಷ್ಟೇ. ಆಮೇಲೆ ಪೆಡಲ್ ಕಲ್ಲಿನ ಹಾಗಾಗುತ್ತದೆ.

ಘಟ್ಟದಲ್ಲೇ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡಿ. ಬಿಸಿ ಡಿಸ್ಕಿಗೆ ತಣ್ಣೀರು ಎರಚಬೇಡಿ. ಒಮ್ಮೆಲೇ ತಣಿದ ಕಬ್ಬಿಣ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಕಾಯುವಾಗ ಹ್ಯಾಂಡ್ ಬ್ರೇಕ್ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಯಾರೂ ನೋಡದ ಆಯಿಲ್

ನನಗೆ ಅತಿ ಹೆಚ್ಚು ಆಶ್ಚರ್ಯವಾದದ್ದು ಬ್ರೇಕ್ ಆಯಿಲ್ ವಿಷಯ. ಇಂಜಿನ್ ಆಯಿಲ್ ಬದಲಿಸಲು ಎಲ್ಲರಿಗೂ ನೆನಪಿರುತ್ತದೆ. ಬ್ರೇಕ್ ಆಯಿಲ್ ಕಾರು ಕೊಂಡಂದಿನಿಂದ ಅದೇ ಇರುತ್ತದೆ. ನಮ್ಮದು ಐದು ವರ್ಷದ್ದಾಗಿತ್ತು.

ಹೆಸರು ಆಯಿಲ್ ಆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವುದು ಅದರ ಗುಣ. ಮುಚ್ಚಳ ಸರಿ ಹಾಕದ ಡಬ್ಬಿಯ ಹಪ್ಪಳ ಮಳೆ ಸುರಿಯುವ ಆಟಿ ತಿಂಗಳಲ್ಲಿ ಮೆತ್ತಗಾಗುತ್ತದಲ್ಲ, ಹಾಗೆ. ರಬ್ಬರ್ ಹೋಸಿನ ಮೂಲಕ, ಮುಚ್ಚಳದ ಗಾಳಿಕಿಂಡಿಯ ಮೂಲಕ ತೇವ ನಿಧಾನಕ್ಕೆ ಒಳಸೇರುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 4 ಎಂದು ಬರೆದಿರುವ ಹೊಸ ಆಯಿಲ್ ಕಡಿಮೆ ಎಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬ ನಿಯಮವಿದೆ. ಅದರಲ್ಲಿ ನೂರಕ್ಕೆ ನಾಲ್ಕು ಪಾಲಿಗಿಂತ ಸ್ವಲ್ಪ ಕಡಿಮೆ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಇದ್ದದ್ದು 140 ಆಗುತ್ತದೆ. ಮನೆ, ಆಫೀಸು, ಪೇಟೆ ಎಂದು ಓಡಾಡುವಾಗ ಇದರ ಪರಿಣಾಮ ತಿಳಿಯುವುದೇ ಇಲ್ಲ. ತಿಳಿಯುವುದು ಘಟ್ಟದ ಹತ್ತನೇ ತಿರುವಿನಲ್ಲಿ.

ತೇವದಿಂದ ಇನ್ನೊಂದು ಕೇಡೂ ಇದೆ. ಪೈಪು, ಸಿಲಿಂಡರುಗಳಿಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಅದರ ಕವಾಟಗಳಿರುವ ಭಾಗ ಕೆಟ್ಟರೆ ಪ್ಯಾಡಿಗೆ ಕೊಡುವ ದುಡ್ಡಿನ ಹತ್ತಾರು ಪಟ್ಟು ಖರ್ಚು.

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅಥವಾ 40,000 ಕಿ.ಮೀ.ಗೆ ಬ್ರೇಕ್ ಆಯಿಲ್ ಬದಲಿಸಬೇಕು. ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಸರಿ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ನಮ್ಮೂರಲ್ಲಿ ಎರಡು ವರ್ಷ ದಾಟಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಡಾಟ್ ಎಂಬುದು ಬಾನೆಟ್ಟಿನೊಳಗಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ಜಾತಿ. ಅದನ್ನು ಇವುಗಳ ಜೊತೆ ಸೇರಿಸಲೇಬಾರದು. ಒಮ್ಮೆ ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯದನ್ನೂ ಹಾಕಿಸಬೇಡಿ.

ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿದರೆ ತಕ್ಷಣ ತುಂಬಿಸುವ ಅಭ್ಯಾಸ ಕೆಲವರಿಗಿದೆ. ಸ್ವಲ್ಪ ತಾಳಿ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದೆ ಆಯಿಲ್ ತುಂಬಿಕೊಳ್ಳುತ್ತದೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅಂದರೆ ನಿಧಾನಕ್ಕೆ ಇಳಿದ ಮಟ್ಟ ಪ್ಯಾಡ್ ನೋಡಿಸಿ ಎಂದು ಹೇಳುತ್ತಿದೆ. ಸುಮ್ನೆ ತುಂಬಿಸಿದರೆ ಆ ಸುಳಿವೂ ಹೋಗುತ್ತದೆ. ಹೊಸ ಪ್ಯಾಡ್ ಹಾಕುವಾಗ ಆಯಿಲ್ ಉಕ್ಕಿ ಚೆಲ್ಲಿ ಬಣ್ಣವನ್ನೂ ತಿನ್ನುತ್ತದೆ. ಮಟ್ಟ ಒಂದೆರಡು ದಿನದಲ್ಲೇ ಇಳಿದರೆ ಮಾತ್ರ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆಗ ಕಾರು ಓಡಿಸಬಾರದು. ಮೆಕ್ಯಾನಿಕನ್ನು ಕಾರಿದ್ದಲ್ಲಿಗೇ ಕರೆಸಿ.

ನಿಂತ ಕಾರಿನ ಬ್ರೇಕ್

ನಮ್ಮ ಜಿಲ್ಲೆಗಳಲ್ಲಿ ಒಂದು ವಿಶೇಷ ಉಂಟು. ಮಗ, ಸೊಸೆ ಗಲ್ಫಿನಲ್ಲಿ. ಕಾರು ಮನೆಯ ಶೆಡ್ಡಿನಲ್ಲಿ. ರಜೆಗೆ ಬಂದಾಗ ಮಾತ್ರ ಹೊರಡುತ್ತದೆ. ಮೀಟರ್ ನೋಡಿದರೆ 15,000 ಕಿ.ಮೀ. ಇರುತ್ತದೆ. ಬ್ರೇಕ್ ಹೊಸದರ ಹಾಗೇ ಇರಬೇಕು ಅನಿಸುತ್ತದೆ. ಬಿಚ್ಚಿದರೆ ಬೇರೆಯೇ ಕಾಣುತ್ತದೆ.

ರಾತ್ರಿ ಮಳೆ ಬಂದು ಬೆಳಿಗ್ಗೆ ಡಿಸ್ಕಿನ ಮೇಲೆ ತೆಳ್ಳಗೆ ಕೆಂಪು ತುಕ್ಕು ಕೂರುವುದು ಸಹಜ. ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ಆಗ ಬರುವ ಕರಕರ ಸದ್ದಿಗೆ ಹೆದರಬೇಕಿಲ್ಲ. ತಿಂಗಳುಗಟ್ಟಲೆ ನಿಂತ ಕಾರಿನ ತುಕ್ಕು ಹಾಗಲ್ಲ. ಅದು ಡಿಸ್ಕನ್ನು ಕೊರೆದು ಗುಳಿ ಮಾಡುತ್ತದೆ. ಆ ಗುಳಿಗಳು ಪ್ಯಾಡನ್ನು ತುರಿಯುವ ಮಣೆಯ ಹಾಗೆ ತಿನ್ನುತ್ತವೆ. ಹ್ಯಾಂಡ್ ಬ್ರೇಕ್ ಎಳೆದಿಟ್ಟು ಮಳೆಗಾಲವಿಡೀ ಬಿಟ್ಟರೆ ಹಿಂದಿನ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಹೊರಡಿಸಲು ಹೋದರೆ ಹಿಂದಿನ ಚಕ್ರ ತಿರುಗುವುದೇ ಇಲ್ಲ. ಹೆಚ್ಚು ದಿನ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ, ಗೇರಿನಲ್ಲಿಟ್ಟು, ಆಟೊಮ್ಯಾಟಿಕ್ ಆದರೆ ಪಿ ಯಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಡಿ. ಚಕ್ರದ ಮುಂದೆ, ಹಿಂದೆ ಕೆಂಪುಕಲ್ಲಿನ ತುಂಡು ಇಡಿ. ಮನೆಯಲ್ಲಿ ಡ್ರೈವಿಂಗ್ ಬಲ್ಲವರಿದ್ದರೆ ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ ಬರಲಿ.

ಇನ್ನು ಉಪ್ಪುಗಾಳಿ. ಮಲ್ಪೆ, ಸುರತ್ಕಲ್, ಉಳ್ಳಾಲದ ಕಡೆ ಮನೆಯಿದ್ದವರಿಗೆ ಗೇಟು, ಕಿಟಕಿ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಹೇಳಬೇಕಿಲ್ಲ. ಕ್ಯಾಲಿಪರಿನ ಪಿನ್ ಕೂಡ ಅದೇ ಕಬ್ಬಿಣ ತಾನೇ. ಅದನ್ನು ಕಾಯುವುದು ಒಂದು ಪುಟ್ಟ ರಬ್ಬರ್ ಟೊಪ್ಪಿ ಮತ್ತು ಒಳಗಿನ ಗ್ರೀಸು. ಟೊಪ್ಪಿ ಹರಿದರೆ ನೀರು, ಉಪ್ಪು, ಕೆಂಪು ಮಣ್ಣು ಒಳಗೆ ಹೋಗಿ ಪಿನ್ ಜಾಮ್. ಸರ್ವಿಸಿನಲ್ಲಿ ಪಿನ್ ಹೊರತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಬೇಕು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಜಾಮ್ ಆಗುತ್ತದೆ. ಐದು ತಿಂಗಳ ಹಿಂದಿನ ನಮ್ಮ ಸರ್ವಿಸಿನಲ್ಲಿ ಪಿನ್ ಮುಟ್ಟಿಯೇ ಇರಲಿಲ್ಲ.

ಕಾರು ಕೊಡುವ ಸುಳಿವುಗಳು

ಬ್ರೇಕ್ ಒಮ್ಮೆಲೇ ಕೈಕೊಡುವುದು ಅಪರೂಪ. ಮೊದಲೇ ಸುಳಿವು ಕೊಡುತ್ತದೆ. ಬ್ರೇಕ್ ಒತ್ತಿದಾಗ ತೆಳುವಾದ, ಕಿವಿ ಚುಚ್ಚುವ ಕೀಚಲು ಸದ್ದು ದಿನವಿಡೀ ಬರುತ್ತಿದ್ದರೆ ಪ್ಯಾಡ್ ಮುಗಿಯುತ್ತಾ ಬಂದಿದೆ ಎಂದರ್ಥ. ತುಂಬಾ ಪ್ಯಾಡ್‌ಗಳಲ್ಲಿ ಇದಕ್ಕೆಂದೇ ಒಂದು ಚಿಕ್ಕ ತಗಡಿನ ನಾಲಗೆ ಇಟ್ಟಿರುತ್ತಾರೆ. ಪ್ಯಾಡ್ ಸವೆದು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಆಮೇಲೂ ಬಿಟ್ಟರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಸದ್ದು ಶುರುವಾಗುತ್ತದೆ. ಅಲ್ಲಿಗೆ ಡಿಸ್ಕೂ ಹೋಯಿತು. ಬ್ರೇಕ್ ಒತ್ತದೆಯೂ ಒಂದೇ ಸಮ ಕಿರ್ ಎನ್ನುತ್ತಿದ್ದರೆ ಡಿಸ್ಕ್ ಮತ್ತು ಹಿಂದಿನ ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ನಮ್ಮ ಜಲ್ಲಿ ರಸ್ತೆಗಳಲ್ಲಿ ಇದು ಮಾಮೂಲು.

ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆದರೆ ಒಂದು ಕಡೆಯ ಕ್ಯಾಲಿಪರ್ ಸರಿಯಾಗಿ ಕೆಲಸ ಮಾಡದೆ ಇರಬಹುದು. ಟಯರಿನ ಗಾಳಿ ಮೊದಲು ನೋಡಿ, ಅದರಿಂದಲೂ ಎಳೆಯಬಹುದು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ. ಎಡ, ಬಲ ಒಂದೇ ರೀತಿ ಬೆಚ್ಚಗಿರಬೇಕು. ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ಮೊದಲೇ ಗೊತ್ತಿದ್ದಿದ್ದರೆ ಅಮ್ಮನನ್ನು ಕೂರಿಸಿಕೊಂಡು ಆ ಕಾರಿನಲ್ಲಿ ನಾನು ಘಟ್ಟ ಹತ್ತುತ್ತಿರಲಿಲ್ಲ.

ವೇಗದಲ್ಲಿ ಬ್ರೇಕ್ ಹಾಕಿದಾಗ ಪೆಡಲ್, ಸ್ಟೇರಿಂಗ್ ನಡುಗಿದರೆ ಡಿಸ್ಕಿನ ದಪ್ಪ ಎಲ್ಲಾ ಕಡೆ ಒಂದೇ ಆಗಿ ಉಳಿದಿಲ್ಲ. ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಟಕಟಕ ಹೊಡೆದುಕೊಳ್ಳುವುದು ಬೇರೆ ಸಂಗತಿ. ಅದು ಎಬಿಎಸ್. 2019ರ ಏಪ್ರಿಲ್ ನಂತರ ಮಾರಾಟವಾದ ಹೊಸ ಕಾರುಗಳಲ್ಲೆಲ್ಲ ಇದು ಕಡ್ಡಾಯ. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಇಂಜಿನ್ ಬಂದ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾಗುತ್ತದೆ. ಕಾಲು ಹಾಗೇ ಇಟ್ಟು ಇಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿ ಇದೆ. ಅರ್ಧ ನಿಮಿಷ ಒತ್ತಿಯೇ ಹಿಡಿಯಿರಿ. ಪೆಡಲ್ ಮೆಲ್ಲ ಮೆಲ್ಲ ಮುಳುಗುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಹ್ಯಾಂಡ್ ಬ್ರೇಕ್ ಮೊದಲು ಐದು ಕ್ಲಿಕ್ಕಿಗೆ ಹಿಡಿಯುತ್ತಿದ್ದದ್ದು ಈಗ ಒಂಬತ್ತಕ್ಕೆ ಹಿಡಿಯುತ್ತಿದ್ದರೆ ಹಿಂದಿನ ಶೂ ನೋಡಿಸಿ.

ಗ್ಯಾರೇಜಿನಲ್ಲಿ

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ನಾವೆಲ್ಲ ಮಾಡಿನ ಹಂಚು ಸರಿಮಾಡಿಸಿ, ಸೌದೆ ಒಳಗೆ ಹಾಕುತ್ತೇವೆ. ಬ್ರೇಕ್ ನೋಡಿಸಲೂ ಅದೇ ಸರಿಯಾದ ಕಾಲ. ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಬಿಚ್ಚಿ ಕ್ಲೀನ್ ಮಾಡಿಸಿ. ಚಕ್ರ ಬಿಚ್ಚದೆ ಬ್ರೇಕ್ ಸರಿ ಇದೆ ಎಂದರೆ ಒಪ್ಪಬೇಡಿ. ಒಳಗಿನ ಪ್ಯಾಡ್ ತೋರಿಸಿ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಹೊಸ ಪ್ಯಾಡಿನಲ್ಲಿ ಉಜ್ಜುವ ಪದರ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸಿ. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟು. ಪ್ಯಾಡನ್ನು ಯಾವತ್ತೂ ಎಡ, ಬಲ ಎರಡೂ ಚಕ್ರಕ್ಕೆ ಒಟ್ಟಿಗೆ ಬದಲಿಸಬೇಕು. ಒಂದು ಕಡೆ ಹೊಸದು, ಒಂದು ಕಡೆ ಹಳತು ಇದ್ದರೆ ಮಳೆಯಲ್ಲಿ ಕಾರು ಒಂದು ಬದಿಗೆ ಎಳೆದು ಜಾರುವ ಅಪಾಯ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಎಂಬ ಮಿತಿ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಒತ್ತಿರುತ್ತದೆ. ಅದರ ಒಳಗಿದ್ದರೆ ಲೇತಿಗೆ ಕೊಟ್ಟು ಸಮ ಮಾಡಿಸಬಹುದು. ದಾಟಿದ್ದರೆ ಹೊಸದೇ ಆಗಬೇಕು. ಬಿಲ್ಲಿಲ್ಲದ, ಪೊಟ್ಟಣವಿಲ್ಲದ ಅಗ್ಗದ ಪ್ಯಾಡ್ ಬೇಡ. ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಉಳಿಸಬೇಡಿ.

ಕೆಲಸ ಮುಗಿದು ಕಾರು ತೆಗೆಯುವ ಮುಂಚೆ ನಿಂತಲ್ಲೇ ಪೆಡಲನ್ನು ಹಲವು ಸಲ ಒತ್ತಿ ಗಟ್ಟಿಯಾದದ್ದು ಖಾತ್ರಿ ಮಾಡಿ. ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತು ಖಾಲಿ ಹೋಗುತ್ತದೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು 200–300 ಕಿ.ಮೀ. ಬೇಕು. ಖಾಲಿ ರಸ್ತೆಯಲ್ಲಿ 50ರಿಂದ 15ರವರೆಗೆ ಮೆತ್ತಗೆ ಇಳಿಸಿ, ಮತ್ತೆ ವೇಗ ತಗೊಂಡು, ನಡುವೆ ಆರಲು ಬಿಟ್ಟು, ಹೀಗೆ ಹತ್ತು ಸಲ ಮಾಡಿದರೆ ಒಳ್ಳೆಯದು. ಆ ಮೊದಲ ದಿನಗಳಲ್ಲಿ ಘಟ್ಟದ ಕಡೆ ಹೋಗಬೇಡಿ.

ನಾವು ಮತ್ತೆ ಶೃಂಗೇರಿಗೆ ಹೋದದ್ದು ಮೂರು ವಾರ ಕಳೆದ ಮೇಲೆ. ವಾಪಸ್ ಬರುವಾಗ ಆಗುಂಬೆಯಿಂದ ಎರಡನೇ ಗೇರಿನಲ್ಲಿ ಇಳಿದು, ಸೋಮೇಶ್ವರದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ. ಎಡ, ಬಲ ಎರಡೂ ಒಂದೇ ರೀತಿ ಬೆಚ್ಚಗಿದ್ದವು.